ಹೆಲ್ಸಿಂಕಿಗೆ ಯಾವ ತಿಂಗಳು ಬರಬೇಕು, ಏನು ತರಬೇಕು: ಹವಾಮಾನದ ಕೈಪಿಡಿ

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಹೆಲ್ಸಿಂಕಿಗೆ ಹೊರಟವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಅಲ್ಲಿ ಎಷ್ಟು ಡಿಗ್ರಿ ಇರುತ್ತೆ?" ಮಕ್ಕಳನ್ನು ನೋಡಲು ಹೆಲ್ಸಿಂಕಿ ಪಕ್ಕದ ಎಸ್ಪೋಗೆ ಬರುವ ಅಪ್ಪ ಅಮ್ಮ, ಕಂಪನಿ ಕೆಲಸಕ್ಕೆ ಎರಡು ವಾರ ಬರುವವರು, ಯುರೋಪ್ ಪ್ರವಾಸದಲ್ಲಿ ಮೂರು ದಿನ ಈ ಊರಿಗೆ ಇಟ್ಟುಕೊಂಡವರು, ಎಲ್ಲರೂ ಅದನ್ನೇ ಕೇಳುತ್ತಾರೆ. ಡಿಗ್ರಿ ಹೇಳುವುದು ಸುಲಭ. ಆದರೆ ಅದೊಂದನ್ನೇ ನಂಬಿ ಬಂದವರು ಇಲ್ಲಿ ಕಷ್ಟಪಡುತ್ತಾರೆ. ಇಲ್ಲಿ ನಿಮ್ಮ ದಿನ ಹೇಗಿರುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಬೆಳಕು, ಗಾಳಿ ಮತ್ತು ಕಾಲಡಿಯ ನೆಲ. ಈ ಮೂರನ್ನು ಮುಂದಿಟ್ಟುಕೊಂಡೇ ಟಿಕೆಟ್ ಬುಕ್ ಮಾಡುವುದರಿಂದ ಹಿಡಿದು ಇಲ್ಲಿ ಓಡಾಡುವವರೆಗಿನ ಹಂತಗಳನ್ನು ಬರೆದಿದ್ದೇನೆ.

1. ಇದು ಲ್ಯಾಪ್‌ಲ್ಯಾಂಡ್ ಅಲ್ಲ ಎಂಬುದು ನೆನಪಿರಲಿ

ಹೆಲ್ಸಿಂಕಿ ಇರುವುದು ಫಿನ್‌ಲ್ಯಾಂಡಿನ ದಕ್ಷಿಣ ತುದಿಯಲ್ಲಿ, ಫಿನ್‌ಲ್ಯಾಂಡ್ ಕೊಲ್ಲಿಯ ದಡದಲ್ಲಿ. ಅಂತರ್ಜಾಲದಲ್ಲಿ ಕಾಣುವ ಹಿಮಸಾರಂಗ, ಗಾಜಿನ ಗುಡಿಸಲು, ಆಕಾಶ ತುಂಬ ಹಸಿರು ಬೆಳಕಿನ ಚಿತ್ರಗಳು ಲ್ಯಾಪ್‌ಲ್ಯಾಂಡಿನವು, ಅಂದರೆ ದೇಶದ ಉತ್ತರ ಭಾಗದವು. ಅಲ್ಲಿನ ರೊವಾನಿಯೆಮಿ ಊರು ಹೆಲ್ಸಿಂಕಿಯಿಂದ ರಸ್ತೆಯಲ್ಲಿ ಸುಮಾರು 800 ಕಿ.ಮೀ. ದೂರ. ರಾತ್ರಿ ರೈಲಿದೆ, ವಿಮಾನವಿದೆ. ಆದರೆ ಅದು ಬೇರೆಯೇ ಪ್ರವಾಸ, ಅದಕ್ಕೆ ಬೇರೆಯೇ ಬಟ್ಟೆ.

ಈ ಗೊಂದಲದಿಂದ ಮೂರು ನಿರಾಸೆಗಳು ಹುಟ್ಟುತ್ತವೆ. ಒಂದು, ನಡುರಾತ್ರಿಯ ಸೂರ್ಯ ಹೆಲ್ಸಿಂಕಿಯಲ್ಲಿ ಕಾಣುವುದಿಲ್ಲ. ಜೂನ್‌ನಲ್ಲೂ ಸೂರ್ಯ ಮುಳುಗುತ್ತಾನೆ, ಪೂರ್ತಿ ಕತ್ತಲಾಗುವುದಿಲ್ಲ ಅಷ್ಟೆ. ಎರಡು, ಉತ್ತರ ಧ್ರುವದ ಬೆಳಕು ಇಲ್ಲಿ ಅಪರೂಪ. ಊರಿನ ದೀಪ ಮತ್ತು ಚಳಿಗಾಲದ ಮೋಡ ಎರಡೂ ಅಡ್ಡ ಬರುತ್ತವೆ. ಮೂರು, ಕ್ರಿಸ್‌ಮಸ್ ಹೊತ್ತಿಗೆ ಹಿಮ ಇರುತ್ತದೆಂಬ ಖಾತ್ರಿಯಿಲ್ಲ. ಕಡಲು ಬೇಸಿಗೆಯ ಶಾಖವನ್ನು ಡಿಸೆಂಬರ್‌ವರೆಗೂ ಹಿಡಿದಿಟ್ಟುಕೊಂಡಿರುತ್ತದೆ. ಹಾಗಾಗಿ ಹಿಮದ ಬದಲು ಮಳೆ ಬೀಳುವ ಕ್ರಿಸ್‌ಮಸ್ ಇಲ್ಲಿ ಮಾಮೂಲು.

2. ಬೆಳಕಿನ ಲೆಕ್ಕ ಹಾಕಿ ತಿಂಗಳು ಆರಿಸಿ

ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ. ಹೆಲ್ಸಿಂಕಿ 60 ಡಿಗ್ರಿಯಲ್ಲಿದೆ. ಇಲ್ಲಿ ಆ ಅಂತರ 13 ಗಂಟೆ.

ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಹುಟ್ಟುವುದು ಬೆಳಗ್ಗೆ ಒಂಬತ್ತೂ ಕಾಲು ದಾಟಿದ ಮೇಲೆ, ಮುಳುಗುವುದು ಮಧ್ಯಾಹ್ನ ಮೂರೂ ಕಾಲಿಗೆ. ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಆರು ಗಂಟೆಗೂ ಕಡಿಮೆಯ ಆ ಹಗಲಿನಲ್ಲೂ ಹೆಚ್ಚಿನ ದಿನ ಮೋಡವೇ. ಡಿಸೆಂಬರ್ ತಿಂಗಳಿಡೀ ಸೇರಿಸಿದರೂ ಬಿಸಿಲು ಕಾಣುವುದು ಸರಾಸರಿ 30 ಗಂಟೆಯ ಆಸುಪಾಸು. ಜೂನ್ 21ರ ಹೊತ್ತಿಗೆ ಸೂರ್ಯ ಬೆಳಗಿನ ಜಾವ ನಾಲ್ಕಕ್ಕೇ ಹುಟ್ಟಿ ರಾತ್ರಿ 10.50ಕ್ಕೆ ಮುಳುಗುತ್ತಾನೆ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹಗಲು ದಿನಕ್ಕೆ ಐದಾರು ನಿಮಿಷದಂತೆ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಒಂದೇ ವಾರದಲ್ಲಿ ಅರ್ಧ ಗಂಟೆಗೂ ಹೆಚ್ಚು ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಆದ್ದರಿಂದ ಚಳಿಗಾಲವನ್ನೇ ನೋಡಬೇಕೆಂದಿದ್ದರೆ ಡಿಸೆಂಬರ್ ಬೇಡ, ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲ ವಾರ ಆರಿಸಿ. ಆಗ ಹಗಲು ಹತ್ತು ಗಂಟೆ ದಾಟಿರುತ್ತದೆ, ಹಿಮ ಇರುವ ಸಾಧ್ಯತೆಯೂ ಹೆಚ್ಚು.

3. ತಿಂಗಳುಗಳ ಸ್ವಭಾವ ತಿಳಿದುಕೊಳ್ಳಿ

*ಜನವರಿ, ಫೆಬ್ರವರಿ.* ಸರಾಸರಿ ಉಷ್ಣಾಂಶ ಮೈನಸ್ 3ರಿಂದ ಮೈನಸ್ 4. ಕೇಳಿದವರಿಗೆ ಆಶ್ಚರ್ಯವಾಗುತ್ತದೆ, ಇಷ್ಟೇನಾ ಅಂತ. ಅಟ್ಲಾಂಟಿಕ್ ಸಾಗರದ ಬಿಸಿ ಪ್ರವಾಹವನ್ನು ದಾಟಿ ಬರುವ ಪಡುವಣ ಗಾಳಿ ಈ ಭಾಗವನ್ನು ಬೆಚ್ಚಗಿಡುತ್ತದೆ. ಆ ಗಾಳಿ ನಿಂತು ಪೂರ್ವದಿಂದ ಚಳಿ ನುಗ್ಗಿದಾಗ ಮಾತ್ರ ಕೆಲವು ದಿನ ಮೈನಸ್ 15, ಮೈನಸ್ 20 ಕಾಣುತ್ತದೆ. 1987ರ ಜನವರಿಯಲ್ಲಿ ನಗರದ ನಡುವೆಯೇ ಮೈನಸ್ 34 ದಾಖಲಾಗಿತ್ತು. ಅಂಥದ್ದು ತಲೆಮಾರಿಗೊಮ್ಮೆ. ಕಡಲು ಹೆಪ್ಪುಗಟ್ಟಿದ ವರ್ಷ ಸ್ಥಳೀಯರು ಮಂಜುಗಡ್ಡೆಯ ಮೇಲೆ ನಡೆಯುವುದನ್ನು ನೋಡುತ್ತೀರಿ. ಅದರ ದಪ್ಪ ಎಲ್ಲಿ ಎಷ್ಟಿದೆ ಎಂಬುದು ಅವರಿಗೆ ಗೊತ್ತಿರುತ್ತದೆ, ನಿಮಗಲ್ಲ. ಗೊತ್ತಿರುವವರು ಜೊತೆಗಿಲ್ಲದೆ ಇಳಿಯಲೇಬೇಡಿ.

*ಮಾರ್ಚ್, ಏಪ್ರಿಲ್.* ಪ್ರವಾಸಿಗರು ಅತಿ ಹೆಚ್ಚು ತಪ್ಪು ತಿಳಿಯುವ ಕಾಲ ಇದು. ಬಿಸಿಲು ಕಣ್ಣು ಕೋರೈಸುತ್ತದೆ, ಹೊರಗೆ ಕಾಲಿಟ್ಟರೆ ಕೊರೆಯುವ ಚಳಿ. ಕಡಲು ಇನ್ನೂ ತಣ್ಣಗಿರುವುದರಿಂದ ದಡದ ಊರಿಗೆ ವಸಂತ ತಡವಾಗಿ ಬರುತ್ತದೆ. ಒಳನಾಡಿನಲ್ಲಿ ಹದವಾಗಿ ಬಿಸಿಯಾದ ದಿನವೂ ಕೈವೊಪುಯಿಸ್ತೊ ಉದ್ಯಾನದ ಕಡಲ ಬದಿಯಲ್ಲಿ ಜಾಕೆಟ್ ಬಿಚ್ಚಲಾಗುವುದಿಲ್ಲ. ಏಪ್ರಿಲ್‌ನಲ್ಲಿ ಇನ್ನೊಂದು ತೊಂದರೆ ಇದೆ, ಇದನ್ನು ಪ್ರವಾಸಿ ಪುಸ್ತಕಗಳು ಹೇಳುವುದಿಲ್ಲ. ಚಳಿಗಾಲದುದ್ದಕ್ಕೂ ಜಾರದಿರಲಿ ಎಂದು ಫುಟ್‌ಪಾತ್ ಮೇಲೆ ಹರಡಿದ್ದ ಜಲ್ಲಿಪುಡಿ ಹಿಮ ಕರಗಿದ ಮೇಲೆ ಒಣಗಿ ಧೂಳಾಗಿ ಏಳುತ್ತದೆ. ಗಾಡಿಗಳು ಬೀದಿ ತೊಳೆದು ಮುಗಿಸುವವರೆಗೆ ಆಸ್ತಮಾ ಇರುವವರಿಗೆ ಹಿಂಸೆ. ಅಂಥವರು ಈ ವಾರಗಳನ್ನು ತಪ್ಪಿಸುವುದು ಒಳ್ಳೆಯದು, ಬಂದರೆ ಮಾಸ್ಕ್ ಮತ್ತು ಇನ್‌ಹೇಲರ್ ಜೊತೆಗಿರಲಿ.

*ಮೇ.* ಮೇ 1 ಇಲ್ಲಿ ವಪ್ಪು ಹಬ್ಬ, ವಿದ್ಯಾರ್ಥಿಗಳ ಮತ್ತು ಕಾರ್ಮಿಕರ ಸಂಭ್ರಮ. ಬಿಳಿ ಟೋಪಿ ಹಾಕಿಕೊಂಡ ಜನ ಉದ್ಯಾನದಲ್ಲಿ ಬುತ್ತಿ ಬಿಚ್ಚುತ್ತಾರೆ. ಅವರು ತೆಳು ಬಟ್ಟೆಯಲ್ಲಿದ್ದಾರೆಂದು ನೀವೂ ಹಾಗೆ ಹೋಗಬೇಡಿ, ಆ ದಿನ 5 ಡಿಗ್ರಿ ಇದ್ದರೂ ಆಶ್ಚರ್ಯವಿಲ್ಲ. ತಿಂಗಳ ಮಧ್ಯಕ್ಕೆ ಬರ್ಚ್ ಮರಗಳು ಒಂದೇ ವಾರದಲ್ಲಿ ಚಿಗುರುತ್ತವೆ, ರೊಯಿಹುವುಒರಿ ಬಡಾವಣೆಯಲ್ಲಿ ಚೆರ್ರಿ ಹೂ ಅರಳುತ್ತದೆ. ಬರ್ಚ್ ಪರಾಗದಿಂದ ಸೀನು, ಕಣ್ಣುರಿ ಬರುವವರು ಅಲರ್ಜಿ ಮಾತ್ರೆ ತರಬೇಕು. ಮಳೆ ಕಡಿಮೆ, ಜನಸಂದಣಿ ಕಡಿಮೆ, ಬೆಳಕು ಧಾರಾಳ. ನನ್ನನ್ನು ಕೇಳಿದರೆ ಮೇ ಕೊನೆಯ ವಾರದಿಂದ ಜೂನ್ ಮಧ್ಯದವರೆಗೆ ಈ ಊರು ತನ್ನ ಅತ್ಯುತ್ತಮ ರೂಪದಲ್ಲಿರುತ್ತದೆ.

*ಜೂನ್, ಜುಲೈ, ಆಗಸ್ಟ್.* ಜುಲೈ ಸರಾಸರಿ 18 ಡಿಗ್ರಿ. ಹಗಲು 20ರಿಂದ 23, ರಾತ್ರಿ 13ರ ಆಸುಪಾಸು. 25 ದಾಟಿದರೆ ಇಲ್ಲಿನ ಹವಾಮಾನ ಇಲಾಖೆ ಅದನ್ನು "ಸೆಕೆಯ ದಿನ" ಎಂದು ಲೆಕ್ಕಕ್ಕೆ ಹಿಡಿಯುತ್ತದೆ. ನಮಗೆ ಅದೇನು ಸೆಕೆ ಅನ್ನಿಸಬಹುದು. ಆದರೆ ಮನೆಗಳನ್ನು ಕಟ್ಟಿರುವುದೇ ಶಾಖ ಹೊರಹೋಗದಂತೆ. ಸೀಲಿಂಗ್ ಫ್ಯಾನ್ ಇಲ್ಲ, ಹೆಚ್ಚಿನ ಮನೆಗಳಲ್ಲಿ ಎಸಿ ಇಲ್ಲ, ಪಡುವಣ ಕಿಟಕಿಗೆ ರಾತ್ರಿ ಹತ್ತರವರೆಗೂ ಬಿಸಿಲು. 2019ರ ಜುಲೈನಲ್ಲಿ 33 ಡಿಗ್ರಿ ದಾಟಿತ್ತು. ಬೇಸಿಗೆಗೆ ರೂಮ್ ಬುಕ್ ಮಾಡುವಾಗ ಎಸಿ ಇದೆಯೇ, ಕಪ್ಪು ಪರದೆ ಇದೆಯೇ ಎಂದು ಕೇಳಿ. ಪರದೆ ಇಲ್ಲದಿದ್ದರೆ ಕಣ್ಣುಪಟ್ಟಿ ಬೇಕೇ ಬೇಕು, ಇಲ್ಲವಾದರೆ ನಾಲ್ಕಕ್ಕೆ ಎಚ್ಚರವಾಗುತ್ತದೆ.

ಜೂನ್ 20ರಿಂದ 26ರ ನಡುವಿನ ಶನಿವಾರ ಯುಹಾನ್ನುಸ್, ನಡುಬೇಸಿಗೆಯ ಹಬ್ಬ. ಶುಕ್ರವಾರವೇ ಊರಿನ ಜನ ಹಳ್ಳಿಯ ಮನೆಗಳಿಗೆ ಹೊರಟುಬಿಡುತ್ತಾರೆ. ಬಹಳಷ್ಟು ಹೋಟೆಲ್, ಅಂಗಡಿಗಳಿಗೆ ಬೀಗ. ದಿನಸಿ ಮೊದಲೇ ತಂದಿಟ್ಟುಕೊಳ್ಳಿ. ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಬಿಸಿಲು ಏರಿ ಗಾಳಿ ನಿಂತಾಗ ಕಡಲ ನೀರಲ್ಲಿ ನೀಲಿಹಸಿರು ಪಾಚಿ ಹಬ್ಬುತ್ತದೆ. ಬಣ್ಣ ಚೆಲ್ಲಿದಂತೆ ಹಸಿರು ಪಟ್ಟೆ ಕಂಡರೆ ಇಳಿಯಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ಅದು ವಿಷಕಾರಿಯಾಗಿರಬಹುದು. ಆಗಸ್ಟ್ ಮಳೆ ಜಾಸ್ತಿ ಬೀಳುವ ತಿಂಗಳು. ನಮ್ಮ ಮಲೆನಾಡಿನಂತೆ ಹಿಡಿದು ಹೊಡೆಯುವ ಮಳೆಯಲ್ಲ, ಬಂದು ಹೋಗುವ ಮಳೆ.

*ಸೆಪ್ಟೆಂಬರ್, ಅಕ್ಟೋಬರ್.* ಸೆಪ್ಟೆಂಬರ್ ಹಿತವಾದ ತಿಂಗಳು, ಕಡಲು ಇನ್ನೂ ಬೆಚ್ಚಗಿರುತ್ತದೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಮೇಪಲ್ ಮತ್ತು ಬರ್ಚ್ ಎಲೆಗಳು ಕೆಂಪು, ಹಳದಿಗೆ ತಿರುಗುತ್ತವೆ.

*ನವೆಂಬರ್.* ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಆಯ್ಕೆ ನಿಮ್ಮ ಕೈಯಲ್ಲಿದ್ದರೆ ನವೆಂಬರ್ ಬೇಡ. ಉಷ್ಣಾಂಶ 2 ಡಿಗ್ರಿ, ಮಳೆ, ಅರ್ಧ ಕರಗಿದ ಹಿಮಮಳೆ, ಗಾಳಿ, ಬೆಳಕಿಲ್ಲ. ಹಿಮ ಬಿದ್ದರೆ ಬೀದಿ ದೀಪ ಅದಕ್ಕೆ ತಾಗಿ ಊರೆಲ್ಲ ಬೆಳಗುತ್ತದೆ, ನವೆಂಬರ್‌ನಲ್ಲಿ ಸಾಮಾನ್ಯವಾಗಿ ಅದೂ ಇರುವುದಿಲ್ಲ. ಮೈನಸ್ 5ರ ಒಣ ಚಳಿಗಿಂತ ಪ್ಲಸ್ 1ರ ಒದ್ದೆ ಚಳಿ ಮೈಗೆ ಹೆಚ್ಚು ನಾಟುತ್ತದೆ.

4. ಬಟ್ಟೆಯನ್ನು ಪದರಗಳಲ್ಲಿ ಜೋಡಿಸಿ

ಒಂದೇ ದಪ್ಪ ಕೋಟು ನಂಬಿ ಬರಬೇಡಿ. ಹೊರಗೆ ಮೈನಸ್ 8, ಟ್ರಾಮ್ ಒಳಗೆ ಬೆಚ್ಚಗೆ, ಮನೆಯೊಳಗೆ 21. ದಿನಕ್ಕೆ ಹತ್ತು ಸಲ ಬಿಚ್ಚಿ ಹಾಕಬೇಕಾಗುತ್ತದೆ.

ಮೈಗೆ ಅಂಟಿದಂತೆ ಥರ್ಮಲ್ಸ್. ಇದು ಉಣ್ಣೆಯದೋ ಸಿಂಥೆಟಿಕ್‌ನದೋ ಇರಲಿ, ಹತ್ತಿ ಬನಿಯನ್ ಬೇಡ. ಹತ್ತಿ ಬೆವರು ಕುಡಿದು ಒದ್ದೆಯಾಗಿಯೇ ಉಳಿದು ಮೈ ತಣ್ಣಗಾಗಿಸುತ್ತದೆ. ಅದರ ಮೇಲೆ ಸ್ವೆಟರ್ ಅಥವಾ ಫ್ಲೀಸ್. ಎಲ್ಲಕ್ಕಿಂತ ಹೊರಗೆ ಗಾಳಿ ಮತ್ತು ನೀರು ತಡೆಯುವ, ಸೊಂಟ ದಾಟಿ ಬರುವ, ಟೋಪಿಯುಳ್ಳ ಜಾಕೆಟ್. ಥರ್ಮಲ್ಸ್, ಸ್ವೆಟರ್‌ಗಳನ್ನು ಊರಲ್ಲೇ ಕೊಳ್ಳಬಹುದು. ಜಾಕೆಟ್ ಮತ್ತು ಬೂಟು ಮಾತ್ರ, ಇಲ್ಲಿ ಮಕ್ಕಳೋ ಸ್ನೇಹಿತರೋ ಇದ್ದರೆ, ಅವರಿಂದಲೇ ಕೊಡಿಸಿಕೊಳ್ಳಿ. ಹಳೆ ಬಟ್ಟೆ ಮಾರುವ ಅಂಗಡಿಗಳಲ್ಲಿ ಗಟ್ಟಿಮುಟ್ಟಾದ ಚಳಿಗಾಲದ ಜಾಕೆಟ್ ಹೊಸದರ ಬೆಲೆಯ ಒಂದು ಪಾಲಿಗೆ ಸಿಗುತ್ತದೆ. ಇಲ್ಲಿ ಅದನ್ನು ಯಾರೂ ಕೀಳಾಗಿ ಕಾಣುವುದಿಲ್ಲ.

ಸೀರೆ ಉಡುವ ಅಮ್ಮಂದಿರಿಗೆ: ಒಳಲಂಗದ ಒಳಗೆ ಉಣ್ಣೆಯ ಲೆಗಿಂಗ್ಸ್ ಹಾಕಿ, ಸೀರೆಯನ್ನು ಪಾದದ ಗಂಟಿಗಿಂತ ಮೇಲೆ ಉಟ್ಟರೆ ಅಂಚು ಒದ್ದೆಯಾಗುವುದಿಲ್ಲ. ಆದರೂ ನೆಲ ಜಾರುವ ದಿನಗಳಲ್ಲಿ ಸಲ್ವಾರ್ ಅಥವಾ ಪ್ಯಾಂಟೇ ಕ್ಷೇಮ, ಹೆಜ್ಜೆ ಇಡುವ ಜಾಗ ಕಣ್ಣಿಗೆ ಕಾಣುತ್ತದೆ. ಅಪ್ಪಂದಿರ ಮಂಕಿ ಕ್ಯಾಪ್ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಸೂಟ್‌ಕೇಸಿನಿಂದ ತೆಗೆಸಬೇಡಿ. ಕೊಡೆ ಮಾತ್ರ ಕಡಲ ಗಾಳಿಗೆ ತಿರುಚಿಹೋಗುತ್ತದೆ, ಅದರ ಬದಲು ಟೋಪಿಯಿರುವ ರೇನ್‌ಕೋಟ್ ತನ್ನಿ.

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಜಾಕೆಟ್‌ಗೆ ಒಂದು ಪ್ರತಿಫಲಕ ತೂಗುಹಾಕಿ. ಬೆಳಕು ಬಿದ್ದರೆ ಹೊಳೆಯುವ ಚಿಕ್ಕ ಬಿಲ್ಲೆ ಅದು. ಕಪ್ಪು ಜಾಕೆಟ್ ತೊಟ್ಟು ಮಳೆಯ ಕತ್ತಲಲ್ಲಿ ರಸ್ತೆ ದಾಟುವವರು ಚಾಲಕನಿಗೆ ಕಾಣುವುದೇ ಇಲ್ಲ. ಇಲ್ಲಿ ಶಾಲೆಯ ಮಕ್ಕಳಿಂದ ಮುದುಕರವರೆಗೆ ಎಲ್ಲರ ಬಳಿಯೂ ಅದಿರುತ್ತದೆ.

5. ಪಾದ ಮತ್ತು ನೆಲ: ಇದನ್ನು ಎರಡು ಸಲ ಓದಿ

ಚಳಿಗಾಲದ ಹೆಲ್ಸಿಂಕಿಯಲ್ಲಿ ಪ್ರವಾಸಿಗರಿಗೆ ಆಗುವ ಮುಖ್ಯ ಅನಾಹುತ ಚಳಿಯಿಂದಲ್ಲ, ಜಾರಿ ಬೀಳುವುದರಿಂದ. ಉಷ್ಣಾಂಶ ಸೊನ್ನೆಯ ಆಚೆ ಈಚೆ ತೂಗಾಡುವ ದಿನಗಳು ಅತಿ ಅಪಾಯದವು. ಹಗಲು ಪ್ಲಸ್ 2ಕ್ಕೆ ಹಿಮ ಕರಗಿ ನೀರಾಗುತ್ತದೆ, ರಾತ್ರಿ ಮೈನಸ್ 3ಕ್ಕೆ ಆ ನೀರು ಗಾಜಿನ ಹಾಗೆ ಹೆಪ್ಪುಗಟ್ಟುತ್ತದೆ. ಅದರ ಮೇಲೆ ತೆಳುವಾಗಿ ಹೊಸ ಹಿಮ ಬಿದ್ದರೆ ಕೆಳಗಿನ ಗಡ್ಡೆ ಕಾಣುವುದೂ ಇಲ್ಲ. ಮಂಜುಗಡ್ಡೆಯ ಮೇಲೆ ಮಳೆ ಬಿದ್ದ ಬೆಳಗ್ಗೆಯಂತೂ ಸ್ಥಳೀಯರೇ ಗೋಡೆ ಹಿಡಿದು ನಡೆಯುತ್ತಾರೆ.

ಸ್ಪೋರ್ಟ್ಸ್ ಶೂ ಸಾಲದು. ನೀರು ಒಳಬರದ, ಪಾದದ ಗಂಟು ಮುಚ್ಚುವ, ಅಡಿಭಾಗ ಮೃದು ರಬ್ಬರಿನದಾದ ಬೂಟು ಬೇಕು. ಗಟ್ಟಿ ಪ್ಲಾಸ್ಟಿಕ್ ಅಡಿ ಚಳಿಗೆ ಇನ್ನೂ ಗಟ್ಟಿಯಾಗಿ ಜಾರುತ್ತದೆ. ಅಳತೆ ಅರ್ಧ ಅಥವಾ ಒಂದು ನಂಬರ್ ದೊಡ್ಡದಿರಲಿ. ದಪ್ಪ ಉಣ್ಣೆ ಕಾಲುಚೀಲ ತುರುಕಿ ಬೂಟು ಬಿಗಿಯಾದರೆ ರಕ್ತ ಸರಿಯಾಗಿ ಓಡದೆ ಬೆರಳು ಇನ್ನಷ್ಟು ತಣ್ಣಗಾಗುತ್ತದೆ.

ಬೂಟಿನ ಮೇಲೆ ಎಳೆದು ಹಾಕುವ ಮುಳ್ಳಿನ ರಬ್ಬರ್ ಪಟ್ಟಿ ಇಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ಅರುವತ್ತು ದಾಟಿದವರಿಗೆ ಇದನ್ನು ಬಂದ ದಿನವೇ ಕೊಡಿಸಿ. ಒಂದು ಎಚ್ಚರಿಕೆ: ಅಂಗಡಿ, ಮೆಟ್ರೋ ನಿಲ್ದಾಣಗಳ ನುಣುಪು ಕಲ್ಲಿನ ನೆಲದ ಮೇಲೆ ಆ ಮುಳ್ಳುಗಳೇ ಜಾರುತ್ತವೆ, ಬಾಗಿಲಲ್ಲೇ ತೆಗೆಯಬೇಕು. ನಡೆಯುವಾಗ ಹೆಜ್ಜೆ ಚಿಕ್ಕದಿರಲಿ, ಪಾದ ಪೂರ್ತಿ ಊರಿ, ಕೈ ಜೇಬಿನಿಂದ ಹೊರಗಿರಲಿ. ಬೀಳುವಾಗ ಆಧಾರ ಕೊಡುವುದು ಕೈಗಳೇ.

ಇನ್ನು ತಲೆಯ ಮೇಲಿನ ಅಪಾಯ. ಫೆಬ್ರವರಿ, ಮಾರ್ಚ್‌ನಲ್ಲಿ ಹಳೆಯ ಕಟ್ಟಡಗಳ ಮಾಡಿನಿಂದ ಹಿಮದ ರಾಶಿ, ಹಿಮದ ಕೋಲುಗಳು ಕಳಚಿ ಬೀಳುತ್ತವೆ. ಫುಟ್‌ಪಾತ್‌ಗೆ ಅಡ್ಡವಾಗಿ ಗೋಡೆಗೊರಗಿಸಿದ ಹಲಗೆ ಅಥವಾ ಕಟ್ಟಿದ ಪಟ್ಟಿ ಕಂಡರೆ ಯಾರೋ ಸಾಮಾನು ಬಿಟ್ಟುಹೋಗಿದ್ದಾರೆಂದು ದಾಟಿ ಹೋಗಬೇಡಿ. ಮೇಲೆ ಹಿಮ ಕೆಡವುತ್ತಿದ್ದಾರೆ ಎಂಬ ಸೂಚನೆ ಅದು. ಎದುರು ಬದಿಗೆ ಹೋಗಿ.

6. ಮುನ್ಸೂಚನೆ ಓದುವುದನ್ನು ಕಲಿಯಿರಿ

ಫಿನ್‌ಲ್ಯಾಂಡ್ ಹವಾಮಾನ ಸಂಸ್ಥೆಯ ತಾಣ ಮತ್ತು ಆ್ಯಪ್ ಇಂಗ್ಲಿಷಿನಲ್ಲೂ ಇದೆ, ಅದನ್ನೇ ನೋಡಿ. ಗಾಳಿಯ ವೇಗ ಸೆಕೆಂಡಿಗೆ ಎಷ್ಟು ಮೀಟರ್ ಎಂದು ಬರೆದಿರುತ್ತದೆ, 3.6ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂದು ಸಿಗುತ್ತದೆ. "10" ಎಂದು ಕಂಡರೆ ಸಣ್ಣ ಸಂಖ್ಯೆ ಎಂದುಕೊಳ್ಳಬೇಡಿ, ಅದು 36 ಕಿ.ಮೀ. ವೇಗ. ಮೈನಸ್ 5 ಇದ್ದು ಆ ಗಾಳಿ ಬೀಸಿದರೆ ಮುಖಕ್ಕೆ ತಾಗುವುದು ಮೈನಸ್ 14ರಷ್ಟು ಚಳಿ. ಮೈನಸ್ 10 ಇದ್ದರೆ ಮೈನಸ್ 20ರಷ್ಟು. ಉಷ್ಣಾಂಶಕ್ಕಿಂತ ಮೊದಲು ಗಾಳಿಯ ಅಂಕಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ನೀವು ಉಳಿದುಕೊಂಡ ಜಾಗದ ಹೆಸರನ್ನೇ ಹುಡುಕಿ. ಗಾಳಿಯಿಲ್ಲದ ಚಳಿ ರಾತ್ರಿಗಳಲ್ಲಿ ಒಳಭಾಗದಲ್ಲಿರುವ ವಾಂತಾ, ಉತ್ತರ ಎಸ್ಪೋ ಕಡಲ ಬದಿಗಿಂತ ನಾಲ್ಕೈದು ಡಿಗ್ರಿ ತಣ್ಣಗಿರುವುದುಂಟು. ಎಚ್ಚರಿಕೆಗಳು ಹಳದಿ, ಕಿತ್ತಳೆ, ಕೆಂಪು ಬಣ್ಣದಲ್ಲಿರುತ್ತವೆ. ಪಾದಚಾರಿಗಳಿಗೆಂದೇ ಜಾರುವ ನೆಲದ ಎಚ್ಚರಿಕೆಯೂ ಇದೆ. ಅದು ಬಂದ ದಿನ ವಯಸ್ಸಾದವರು ಬೆಳಗ್ಗೆ ಮನೆಯಲ್ಲೇ ಇದ್ದು, ಜಲ್ಲಿಪುಡಿ ಹಾಕಿದ ಮೇಲೆ ಹೊರಡಲಿ.

7. ದಿನವನ್ನು ಹವೆಗೆ ತಕ್ಕಂತೆ ಹಂಚಿ

ಚಳಿಗಾಲದಲ್ಲಿ ಹೊರಗೆ ನೋಡುವುದೆಲ್ಲ ಬೆಳಗ್ಗೆ 10ರಿಂದ ಮಧ್ಯಾಹ್ನ 2ರೊಳಗೆ. ಸೆನೆಟ್ ಚೌಕ, ಬಂದರಿನ ಮಾರುಕಟ್ಟೆ, ಅಲ್ಲಿಂದ ದೋಣಿಯಲ್ಲಿ ಕಾಲು ಗಂಟೆಯ ಸುಒಮೆನ್‌ಲಿನ್ನಾ ಕೋಟೆ. ಆ ದೋಣಿ ವರ್ಷವಿಡೀ ಓಡುತ್ತದೆ, ಗಡ್ಡೆ ಕಟ್ಟಿದ ಕಡಲನ್ನು ಸೀಳಿಕೊಂಡು ಹೋಗುವುದನ್ನು ನೋಡುವುದೇ ಒಂದು ಅನುಭವ. ಬೇರೆ ದ್ವೀಪಗಳ ದೋಣಿಗಳು ಹೆಚ್ಚಾಗಿ ಮೇಯಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಕತ್ತಲಾದ ಮೇಲೆ ಅಟೆನಿಯುಮ್ ಕಲಾ ಸಂಗ್ರಹಾಲಯ, ಬಂಡೆ ಕೊರೆದು ಕಟ್ಟಿದ ತೆಂಪೆಲಿಆಉಕಿಯೊ ಚರ್ಚು, ಸೌನಾ ಎಂಬ ಬಿಸಿ ಹಬೆಯ ಸ್ನಾನ. ದಣಿವಾರಿಸಿಕೊಳ್ಳಲು ರೈಲು ನಿಲ್ದಾಣದ ಹತ್ತಿರದ ಓಡಿ (Oodi) ಗ್ರಂಥಾಲಯಕ್ಕೆ ಹೋಗಿ. 2018ರಲ್ಲಿ ತೆರೆದ ಇದಕ್ಕೆ ಪ್ರವೇಶ ಶುಲ್ಕವಿಲ್ಲ, ಏನೂ ಕೊಳ್ಳದೆ ಎಷ್ಟು ಹೊತ್ತಾದರೂ ಬೆಚ್ಚಗೆ ಕೂರಬಹುದು.

ಬೇಸಿಗೆಯಲ್ಲಿ ತಲೆಕೆಳಗು. ಸಂಜೆ ಎಂಟಕ್ಕೂ ಹೊರಡಬಹುದು. ಕಾಡು, ಹುಲ್ಲುಗಾವಲಿಗೆ ಹೋಗುವುದಾದರೆ ಉದ್ದ ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಇಲ್ಲಿನ ಉಣ್ಣಿಗಳು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಚಿಕ್ಕ ಹುಳುಗಳು, ರೋಗ ಹರಡುತ್ತವೆ. ರಾತ್ರಿ ಸ್ನಾನದ ಹೊತ್ತಿಗೆ ಮಂಡಿಯ ಹಿಂಭಾಗ, ತೊಡೆಯ ಸಂದು, ಮಕ್ಕಳ ಕಿವಿಯ ಹಿಂದೆ ಹುಡುಕಿ, ಕಂಡರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ.

8. ಮೈ ಮತ್ತು ಸಾಮಾನಿನ ಆರೈಕೆ

ಚಳಿಗಾಲದ ಮನೆಯೊಳಗಿನ ಗಾಳಿ ತೀರಾ ಒಣ. ತುಟಿ ಬಿರಿಯುತ್ತದೆ, ಮೂಗಿನಲ್ಲಿ ರಕ್ತ ಜಿನುಗಬಹುದು, ಬಾಗಿಲ ಹಿಡಿ ಮುಟ್ಟಿದರೆ ಚುರುಕ್ ಎಂದು ವಿದ್ಯುತ್ ತಾಗುತ್ತದೆ. ನೀರು ಕುಡಿಯುತ್ತಿರಿ, ದಪ್ಪ ಕ್ರೀಮ್ ಹಚ್ಚಿ. ಊರಿಂದ ತಂದ ಕೊಬ್ಬರಿ ಎಣ್ಣೆ ಇಲ್ಲಿ ವರ್ಷದ ಬಹುಪಾಲು ಗಟ್ಟಿಯಾಗಿಯೇ ಇರುತ್ತದೆ. ಬಾಯಿ ಕಿರಿದಾದ ಬಾಟಲಿ ಬೇಡ, ಅಗಲ ಬಾಯಿಯ ಡಬ್ಬಿಯಲ್ಲಿ ತನ್ನಿ. ಮೂರು ತಿಂಗಳು ಉಳಿಯುವವರು ಡಿ ವಿಟಮಿನ್ ಬಗ್ಗೆ ಹೊರಡುವ ಮುಂಚೆ ವೈದ್ಯರನ್ನು ಕೇಳಿ. ಚಳಿಗೆ ಮೊಬೈಲ್ ಬ್ಯಾಟರಿ ತಟಕ್ಕನೆ ಇಳಿಯುತ್ತದೆ, ಒಳಜೇಬಿನಲ್ಲಿಡಿ. ಕ್ಯಾಮೆರಾವನ್ನು ಹೊರಗಿನಿಂದ ತಂದ ಕೂಡಲೇ ಬ್ಯಾಗಿನಿಂದ ತೆಗೆಯಬೇಡಿ, ಲೆನ್ಸ್ ಮೇಲೆ ನೀರಿನ ಹನಿ ಕೂರುತ್ತದೆ.

ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಅದರ ಪ್ರತಿ ಮತ್ತು ಸಹಾಯವಾಣಿ ನಂಬರ್ ಅಪ್ಪ ಅಮ್ಮನ ಪರ್ಸಿನಲ್ಲೇ ಇರಲಿ. ತುರ್ತಿಗೆ 112. ಜೀವಕ್ಕೆ ಅಪಾಯವಿಲ್ಲದ, ಆದರೆ ಆಸ್ಪತ್ರೆಗೆ ಹೋಗಬೇಕೇ ಎಂಬ ಗೊಂದಲಕ್ಕೆ 116117.

9. ವಿಮಾನ ಮತ್ತು ಗಡಿಯಾರ

ಹಿಮ ಬಿದ್ದರೆ ವಿಮಾನ ರದ್ದಾಗುತ್ತದೆ ಎಂಬ ಭಯ ಬೇಡ, ಹೆಲ್ಸಿಂಕಿ ವಿಮಾನ ನಿಲ್ದಾಣ ಹಿಮ ತೆಗೆಯುವುದರಲ್ಲಿ ಪಳಗಿದೆ. ಆದರೆ ರೆಕ್ಕೆಯ ಮೇಲಿನ ಗಡ್ಡೆ ಕರಗಿಸಲು ದ್ರವ ಸಿಂಪಡಿಸುವುದಕ್ಕೆ ಹೊತ್ತು ಹಿಡಿಯುತ್ತದೆ. ಮುಂದಿನ ವಿಮಾನಕ್ಕೆ ನಡುವೆ ಒಂದು ಗಂಟೆ ಮಾತ್ರ ಇರುವ ಟಿಕೆಟ್ ಚಳಿಗಾಲದಲ್ಲಿ ತೆಗೆದುಕೊಳ್ಳಬೇಡಿ.

ಮಾರ್ಚ್ ಕೊನೆಯ ಭಾನುವಾರ ಬೆಳಗಿನ ಜಾವ ಗಡಿಯಾರ ಒಂದು ಗಂಟೆ ಮುಂದೆ, ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಭಾರತದೊಂದಿಗಿನ ಅಂತರ ಬೇಸಿಗೆಯಲ್ಲಿ ಎರಡೂವರೆ ಗಂಟೆ, ಚಳಿಗಾಲದಲ್ಲಿ ಮೂರೂವರೆ. ಆ ಎರಡು ಭಾನುವಾರಗಳಲ್ಲಿ ಹೊರಡುವ ವಿಮಾನವಿದ್ದರೆ ಕೈಗಡಿಯಾರವನ್ನು ಶನಿವಾರ ಮಲಗುವ ಮುಂಚೆಯೇ ತಿರುಗಿಸಿಡಿ, ಮೊಬೈಲ್ ತಾನೇ ಬದಲಾಯಿಸಿಕೊಳ್ಳುತ್ತದೆ.